ಒಬೆತ್‌ನ ಬಾಯಿ

ಆಗಸ್ಟ್ ೧೯, ಸೋಮವಾರ

ಇವತ್ತು ದಾಯೆಂಗ್ ಸೀಲಾನ ಹಲ್ಲು ಉದುರಿಸಿದೆ. ಒಂದೇ ಹಲ್ಲು, ಅದೂ ಮುಂದಿನದು. ಪಕ್ಕದ್ದು ಅಲ್ಲಾಡುತ್ತಿದೆಯಂತೆ. ಬಿದ್ದರೆ ಅದನ್ನೂ ನನ್ನ ಹೆಸರಿಗೇ ಬರೆದುಕೊಳ್ಳಲಿ.

ಕೋಪ ಬಂದಾಗ ಬರೆ, ಬರೆದರೆ ಇಳಿಯುತ್ತದೆ ಎಂದು ನೆಲ್ಚಿ ಈ ಪುಸ್ತಕ ತಂದುಕೊಟ್ಟಿದ್ದಾಳೆ. ಹೆಂಡತಿ ಹೇಳಿದಳೆಂದು ಬರೆಯುತ್ತಿದ್ದೇನೆ. ಇನ್ನೂ ಇಳಿದಿಲ್ಲ. ಗೆಣ್ಣಿನ ಮೇಲೆ ಅವನ ಹಲ್ಲು ಕೊರೆದ ಗಾಯ ಉರಿಯುತ್ತಿದೆ. ಪೆನ್ನು ಒತ್ತಿದರೆ ರಕ್ತ ಜಿನುಗುತ್ತದೆ.

ಆದದ್ದಿಷ್ಟು. ಬೆಟ್ಟದ ಮೇಲಿನ ಕೊಲೋಬಾಕ್ಕೆ ಹೊರಟಿದ್ದ ನಮ್ಮ ಸಣ್ಣ ವಿಮಾನಕ್ಕೆ ಸರಕು ತುಂಬಿ, ತೂಕ ಮುಗಿದು, ಬಾಗಿಲು ಹಾಕಬೇಕು. ಆ ಹೊತ್ತಿಗೆ, ಸರಕು ತೂಗಿ ತುಂಬಿಸುವ ಉಸ್ತುವಾರಿಯ ಸೀಲಾ ಹಿಂದಿನಿಂದ ಚಾವಣಿ ತಗಡಿನ ಒಂದು ಕಟ್ಟನ್ನು ಒಳಗೆ ತಳ್ಳಿಸುತ್ತಿದ್ದ. ಯಾರೋ ಬೇಕಾದವರದಂತೆ. ನಾನು ರೆಕ್ಕೆಯ ಕೆಳಗಿದ್ದೆ. ಅಲ್ಲಿಂದಲೇ ಅವನ ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರನ್ನೂ ಎಬ್ಬಿಸಿ ಬೈದೆ.

"ನೀನು ಸ್ಪ್ಯಾನರ್ ಹಿಡಿಯೋನು, ಇಂಜಿನ್ ನೋಡ್ಕೊ. ತಕ್ಕಡಿ ನಂದು," ಅಂದ. ನಕ್ಕ ಬೇರೆ. ನಗದಿದ್ದರೆ ಹಲ್ಲು ಉಳಿಯುತ್ತಿತ್ತು.

ಕ್ಯಾಪ್ಟನ್ ಯೋಪಿ ಇಂಜಿನ್ ಆರಿಸಿ ಕೆಳಗಿಳಿದು ಬಂದರು. ಸೀಲಾ ಬಾಯಿ ಹಿಡಿದುಕೊಂಡು ಕೆಂಪು ಉಗುಳುತ್ತಿದ್ದ. ಅಡಿಕೆ ರಸ ಎಷ್ಟು, ರಕ್ತ ಎಷ್ಟು ಗೊತ್ತಾಗುತ್ತಿರಲಿಲ್ಲ.

"ನೋಡು ದಾಯೆಂಗ್," ಅಂದರು ಯೋಪಿ, ನನ್ನ ಕಡೆ ಕೈ ಮಾಡಿ, "ನಾನು ಮುಂದೆ ಕೂತ್ರೆ ಹಿಂದಿಂದು ಏನೂ ಕಾಣಲ್ಲ. ಮಾಡಿನ ತನಕ ಡಬ್ಬ ತುಂಬಿರ್ತೀಯ. ನಂಗಿರೋದು ಒಬೆತ್‌ನ ಬಾಯಿ ಒಂದೇ. ಅದು ಕೇಳಿಸ್ತು ಅಂದ್ರೆ ಇಳೀತೀನಿ, ಕೇಳಿಸ್ಲಿಲ್ಲ ಅಂದ್ರೆ ಹೊರಡ್ತೀನಿ. ಅಷ್ಟೇ ನನ್ ಕಾನೂನು."

ಅವರದೊಂದೇ ಅಲ್ಲ, ನಮ್ಮ ಶೆಡ್ಡಿನ ಪೈಲಟ್‌ಗಳೆಲ್ಲರದೂ ಅದೇ ಕಾನೂನು. ಕಂಪನಿಯ ನಿಯಮದ ಹಲಗೆ ಗೋಡೆಯ ಮೇಲಿದೆ. ಅದರ ಮೇಲೆ ಹಲ್ಲಿ ಓಡಾಡುತ್ತದೆ.

ಅಪ್ಪ ಸತ್ತದ್ದೂ ಇಂಥದೇ ಒಂದು ಕಟ್ಟಿನಿಂದ. ಚಿಕ್ಕಪ್ಪನ ಮದುವೆಗೆಂದು ಹೊರಟವರು, ಭಾರ ಹೆಚ್ಚಾಗಿ ವಿಮಾನ ಗುಡ್ಡದ ನೆತ್ತಿ ದಾಟಲಿಲ್ಲ. ಆ ಬೆಳಿಗ್ಗೆ ಕೂಗುವವರು ಯಾರೂ ಇರಲಿಲ್ಲ.

ಮನೆಗೆ ಬಂದು ಊಟದ ತಟ್ಟೆಯನ್ನು ಗೋಡೆಗೆ ಎಸೆದೆ. ತಗಡಿನದು, ಒಡೆಯಲಿಲ್ಲ. ಮದುವೆಗೆ ಬಂದ ಪಿಂಗಾಣಿ ತಟ್ಟೆಗಳೆಲ್ಲ ಹೋದ ಮೇಲೆ ನೆಲ್ಚಿ ತಗಡಿನದನ್ನೇ ತರುವುದು.

"ಮೀನು ಸಾರು ಗೋಡೆಗೆ ರುಚಿಯಾಗಿತ್ತಾ?" ಅಂದಳು. "ಉಪ್ಪು ಕಮ್ಮಿ ಆಗಿದ್ರೆ ಹೇಳು, ಹಾಕ್ತೀನಿ."

ಆಗಸ್ಟ್ ೨೩, ಶುಕ್ರವಾರ

ಸೀಲಾನ ದಾಯಾದಿಗಳು ಮನೆಗೆ ಬಂದರು. ಮೋಟಾರ್‌ಸೈಕಲ್‌ಗಳಲ್ಲಿ, ಕೈಯಲ್ಲಿ ಮಚ್ಚು. ನಾನು ಬಾಗಿಲ ಅಗುಳಿಯನ್ನೇ ಕಿತ್ತುಕೊಂಡು ಹೊರಗೆ ಬಿದ್ದೆ. ಮೊದಲನೆಯವನ ಮೊಣಕೈ ಮುರಿದ ಸದ್ದು ನನಗೆ ಚೆನ್ನಾಗಿ ಕೇಳಿಸಿತು. ಇನ್ನೊಬ್ಬನ ಮಚ್ಚು ನನ್ನ ಭುಜವನ್ನು ಸವರಿಕೊಂಡು ಹೋಗಿ ಪಪ್ಪಾಯಿ ಮರಕ್ಕೆ ಕಚ್ಚಿತು. ಅವನು ಅದನ್ನು ಕೀಳುತ್ತಿರುವಾಗ ಅವನ ತಲೆಯನ್ನು ಅದೇ ಮರಕ್ಕೆ ಬಡಿದೆ. ಕಾಯಿಗಳು ಉದುರಿದವು. ನಮ್ಮ ಜೊತೆಗೇ ಇರುವ ಅತ್ತೆ, ನೆಲ್ಚಿಯ ಅಮ್ಮ, ಕಿಟಕಿಯಿಂದ ಸಾಗು ಹಿಟ್ಟಿನ ಕುದಿಯುವ ಗಂಜಿ ಎರಚಿದರು. ನಮ್ಮ ಕಡೆಯವರಿಗೂ ಬಿತ್ತು, ಅವರ ಕಡೆಯವರಿಗೂ ಬಿತ್ತು. ಸಾಗು ಅಂಟಿದರೆ ಬಿಡುವುದಿಲ್ಲ, ಚರ್ಮ ತೆಗೆದುಕೊಂಡೇ ಹೋಗುವುದು.

ಖುಷಿಯಾಯಿತು ಅಂತ ಬರೆದರೆ ತಪ್ಪೇ? ಖುಷಿಯಾಯಿತು.

ಆಮೇಲೆ ಪೊಲೀಸ್ ಠಾಣೆ. ಎರಡೂ ಕಡೆಯ ಹಿರಿಯರು ಬಂದು, ಅಡಿಕೆ ಹಂಚಿ, ನಮ್ಮ ಕಡೆಯಿಂದ ದಂಡವಾಗಿ ಒಂದು ಹಂದಿ ಎಂದಾಯಿತು. ಸೀಲಾ ಮುಸಲ್ಮಾನ, ಹಂದಿ ಅವನಿಗೆ ಬೇಡ. ಮೇಕೆ ಕೊಡುವುದಾಯಿತು. ಇಬ್ಬರ ಕೈ ಹಿಡಿದು ಕುಲುಕಿಸಿದರು.

"ಒಬೆತ್, ಇದೇ ಕೊನೆ," ಅಂದ ಪೊಲೀಸಿನವನು. "ಇನ್ನೊಂದು ದೂರು ಬಂದ್ರೆ ಸಂಧಾನ ಇಲ್ಲ, ಕೇಸೇ."

ಆಗಸ್ಟ್ ೩೦, ಶುಕ್ರವಾರ

ನೆಲ್ಚಿ ಮೊಬೈಲ್ ತಂದು ಮುಖಕ್ಕೆ ಹಿಡಿದಳು. ಸರ್ಕಾರದವರು ವಿಮಾನ ಸುರಕ್ಷತಾ ಇನ್‌ಸ್ಪೆಕ್ಟರ್ ಹುದ್ದೆಗೆ ಅರ್ಜಿ ಕರೆದಿದ್ದಾರೆ. ನಮ್ಮ ಸೀಮೆಗೆ ಒಂದೇ ಜಾಗ. ಲೈಸೆನ್ಸ್ ಇರುವ ಮೆಕ್ಯಾನಿಕ್ ಆಗಬಹುದು. ಮೂವತ್ತೈದು ದಾಟಿರಬಾರದು. ನನಗೆ ಇದೇ ಕೊನೆಯ ವರ್ಷ.

"ಬಯ್ಯೋಕೆ ಸರ್ಕಾರಾನೇ ಸಂಬಳ ಕೊಡುತ್ತೆ ಕಣೋ," ಅಂದಳು. "ಈಗ ನೀನು ಬಿಟ್ಟಿ ಬಯ್ತಿದೀಯ."

ಮೊದಲು ನಕ್ಕೆ. ಆಮೇಲೆ ಕೂತು ಯೋಚಿಸಿದೆ. ನಾನು ಇವತ್ತು ಒಂದು ವಿಮಾನ ನಿಲ್ಲಿಸಬೇಕಾದರೆ ಗಂಟಲು ಹರಿದುಕೊಳ್ಳಬೇಕು, ಕೈ ಮುರಿದುಕೊಳ್ಳಬೇಕು. ಇನ್‌ಸ್ಪೆಕ್ಟರ್ ಒಂದು ಸಹಿ ಹಾಕಿದರೆ ರೆಕ್ಕೆಗೆ ಸರಪಳಿ ಬೀಳುತ್ತದೆ. ಸೀಲಾ ಮಾತ್ರವಲ್ಲ, ಅವನ ಮಾಲೀಕನೂ ಬಂದು ನನ್ನ ಮುಂದೆ ನಿಲ್ಲಬೇಕು. ನಿಲ್ಲಿಸಿ ಮೂಳೆ ಮೂಳೆ ಎಣಿಸುತ್ತೇನೆ. ಒಂದೊಂದು ಕಂಪನಿಯನ್ನೂ ಹಿಡಿದು ಹಿಂಡುತ್ತೇನೆ. ಅಪ್ಪನ ಹೆಸರಿನಲ್ಲಿ ಹಿಂಡುತ್ತೇನೆ.

ಅರ್ಜಿ ಹಾಕಿದೆ. ಪೊಲೀಸರಿಂದ ನಡತೆಯ ಪತ್ರ ಬೇಕು. ಆಯ್ಕೆಯಾದ ಮೇಲೆ ಮತ್ತೊಮ್ಮೆ ವಿಚಾರಿಸುತ್ತಾರಂತೆ. ಅಂದರೆ ಅಲ್ಲಿಯವರೆಗೆ ಕೈ ಕಟ್ಟಿಕೊಂಡಿರಬೇಕು. ಇರುತ್ತೇನೆ. ಹುಲಿ ಹಿಂದೆ ಸರಿಯುವುದು ನೆಗೆಯುವುದಕ್ಕೇ.

ಸೆಪ್ಟೆಂಬರ್ ೧೫, ಭಾನುವಾರ

ಚರ್ಚಿನಿಂದ ಬಂದು ಇಡೀ ದಿನ ಓದಿದೆ. ದೇಶದ ಚರಿತ್ರೆ, ಲೆಕ್ಕ ಪರವಾಗಿಲ್ಲ. ಸಾಯಿಸುವುದು ಮೂರನೆಯ ಭಾಗ. ಗುಣನಡತೆಯ ಪರೀಕ್ಷೆ.

"ಸಹೋದ್ಯೋಗಿಯೊಬ್ಬರು ನಿಯಮ ಮೀರುತ್ತಿರುವುದು ನಿಮಗೆ ಕಂಡಿತು. ನೀವು ಏನು ಮಾಡುತ್ತೀರಿ?" ಐದು ಉತ್ತರ ಕೊಟ್ಟಿರುತ್ತಾರೆ. ನನ್ನ ಉತ್ತರ ಆ ಐದರಲ್ಲಿ ಇಲ್ಲವೇ ಇಲ್ಲ.

ನೆಲ್ಚಿ ಪ್ರಶ್ನೆ ಓದುತ್ತಾಳೆ, ಅತ್ತೆ ಸೌದೆಕೋಲು ಹಿಡಿದು ಕೂರುತ್ತಾರೆ. ತಪ್ಪು ಹೇಳಿದರೆ ಮಂಡಿಗೆ ಬೀಳುತ್ತದೆ.

"ಅವನ ಕುತ್ತಿಗೆ ಹಿಡೀತೀನಿ."

ಟಪ್.

"ಜೋರಾಗಿ ಕೂಗ್ತೀನಿ."

ಟಪ್.

"ಶಾಂತವಾಗಿ ಅವರ ಗಮನಕ್ಕೆ ತರುತ್ತೇನೆ, ಸೂಕ್ತ ಕ್ರಮಕ್ಕಾಗಿ ಮೇಲಿನವರಿಗೆ ತಿಳಿಸುತ್ತೇನೆ."

"ಹಾಂ! ಇದು ನೋಡು ಅಳಿಯ ಅಂದ್ರೆ," ಅಂದರು ಅತ್ತೆ. "ಕೋಪದಲ್ಲಿ ಕುಯ್ದ ಮೂಗು ಶಾಂತವಾದ್ಮೇಲೆ ಬರುತ್ತಾ? ಆ ದಾಯೆಂಗ್‌ನ ಹಲ್ಲು ಬಂತಾ?"

ಅವನು ಚಿನ್ನದ ಹಲ್ಲು ಕಟ್ಟಿಸಿಕೊಂಡಿದ್ದಾನೆ. ಮೊದಲಿಗಿಂತ ಹೆಚ್ಚು ನಗುತ್ತಾನೆ. ಅದನ್ನು ನೋಡಿದಾಗಲೆಲ್ಲ ಕೈ ತುರಿಸುತ್ತದೆ. ಅಂಗೈಯನ್ನು ಉಗುರಿನಿಂದ ಒತ್ತಿಕೊಳ್ಳುತ್ತೇನೆ. ಅಂಗೈಯಲ್ಲಿ ಸಾಲಾಗಿ ಅರ್ಧಚಂದ್ರದ ಗಾಯಗಳು.

ಅಕ್ಟೋಬರ್ ೨೨, ಮಂಗಳವಾರ

ಪರೀಕ್ಷೆ ಮುಗಿಯಿತು. ಬಿಳಿ ಅಂಗಿ, ಕರಿ ಪ್ಯಾಂಟು, ಒಳಗೆ ಕಂಪ್ಯೂಟರ್. ಹೊರಗೆ ಮರದ ಕೆಳಗೆ ದೊಡ್ಡ ಪರದೆ. ಒಳಗೆ ನಾವು ಒಂದೊಂದು ಉತ್ತರ ಒತ್ತಿದ ಹಾಗೆಲ್ಲ ಹೊರಗೆ ಹೆಸರಿನ ಮುಂದೆ ಅಂಕ ಏರುತ್ತದೆ. ಮನೆಮಂದಿಯೆಲ್ಲ ಅಡಿಕೆ ಜಗಿಯುತ್ತ ಫುಟ್‌ಬಾಲ್ ಪಂದ್ಯದ ಹಾಗೆ ನೋಡುತ್ತಾರೆ, ಕೂಗುತ್ತಾರೆ, ಬೈಯುತ್ತಾರೆ. ಅಳಿಯ ಹಿಂದೆ ಬಿದ್ದದ್ದಕ್ಕೆ ಒಬ್ಬ ಮಾವ ಚಪ್ಪಲಿ ತೆಗೆದು ಪರದೆಗೆ ಎಸೆದನಂತೆ. ಅದರ ಮೇಲೆ ಎರಡು ಕುಟುಂಬಗಳು ಹೊಡೆದಾಡಿ ಒಬ್ಬನ ಕಿವಿ ಹರಿಯಿತು. ನಾನು ಒಳಗಿದ್ದೆ. ಗದ್ದಲ ಕೇಳಿಸುತ್ತಿತ್ತು. ಎದ್ದು ನೋಡಬೇಕೆನಿಸಲಿಲ್ಲ.

ಹೊರಗೆ ಬಂದಾಗ ನೆಲ್ಚಿ ನೆಲದ ಮೇಲೆ ಕೂತು ನಗುತ್ತಿದ್ದಳು, ಕಣ್ಣಲ್ಲಿ ನೀರು.

"ಗುಣನಡತೆಲಿ ನೀನೇ ಮೊದಲು! ಇಡೀ ಸೀಮೆಗೇ! ಯೋಪಿ ಫೋನಲ್ಲಿ ಕೇಳಿ ನಂಬ್ತಾನೇ ಇಲ್ಲ. ಬೇರೆ ಒಬೆತ್ ಇರ್ಬೇಕು ಅಂತಿದಾರೆ."

"ಮಾತು ಬೆಳ್ಳಿ, ಮೌನ ಬಂಗಾರ," ಅಂದರು ಅತ್ತೆ.

ನವೆಂಬರ್ ೯, ಶನಿವಾರ

ಮಾರುಕಟ್ಟೆಯಲ್ಲಿ ಒಬ್ಬ ಕುಡುಕ ಕಾರಣವಿಲ್ಲದೆ ನನ್ನ ಕೆನ್ನೆಗೆ ಬಾರಿಸಿದ. ತುಟಿ ಒಡೆಯಿತು. ಸುತ್ತಲಿದ್ದ ತರಕಾರಿ ಹೆಂಗಸರು ಬುಟ್ಟಿ ಎತ್ತಿಕೊಂಡು ದೂರ ಸರಿದರು, ಒಬೆತ್ ಇನ್ನು ಇವನನ್ನು ಬಗೆದು ಹಾಕುತ್ತಾನೆಂದು. ನಾನು, "ಸ್ವಲ್ಪ ನೋಡ್ಕೊಂಡು ಓಡಾಡಣ್ಣ," ಅಂದು ಬದನೆಕಾಯಿ ಆರಿಸಿದೆ. ಒಬ್ಬಳು, "ಹುಷಾರಿಲ್ವೇನಪ್ಪ?" ಅಂತ ಕೇಳಿದಳು.

ಶೆಡ್ಡಿನಲ್ಲೂ ಹಾಗೆಯೇ ಕೇಳುತ್ತಾರೆ. ಈಗ ಏನಾದರೂ ಕಂಡರೆ ಸೀಲಾ ಬಳಿಗೆ ಹೋಗಿ ಮೆಲ್ಲಗೆ ಹೇಳುತ್ತೇನೆ. ಅರ್ಧಕ್ಕರ್ಧ ಅವನು ಕೇಳುತ್ತಾನೆ. ಉಳಿದರ್ಧ, "ಆಯ್ತು ಆಯ್ತು ಸಾರ್," ಅಂದು ಚಿನ್ನದ ಹಲ್ಲು ತೋರಿಸುತ್ತಾನೆ. ಮೊದಲು ಸಣ್ಣಪುಟ್ಟದಕ್ಕೂ ಎಷ್ಟು ಕೂಗಾಡುತ್ತಿದ್ದೆ ಅಂತ ನೆನೆದರೆ ನಾಚಿಕೆಯಾಗುತ್ತದೆ.

ಯೋಪಿ ಇವತ್ತು ಬೆನ್ನು ತಟ್ಟಿದರು. "ಈ ನಡುವೆ ಶೆಡ್ಡು ಸುಧಾರಿಸಿದೆ ಕಣೋ. ನಿನ್ನ ಬಾಯೇ ಕೇಳಿಸ್ತಿಲ್ಲ. ಆರಾಮಾಗಿ ಹೊರಡ್ತಾ ಇದೀನಿ."

ಸಂತೋಷವಾಯಿತು.

ನವೆಂಬರ್ ೩೦, ಶನಿವಾರ

ಸಂದರ್ಶನಕ್ಕೆ ಕರೆ ಬಂದಿದೆ. ಡಿಸೆಂಬರ್ ಹನ್ನೊಂದು, ನಮ್ಮ ಸೀಮೆಯ ರಾಜಧಾನಿ ಜಯಾಪುರದ ಕಚೇರಿಯಲ್ಲಿ. ಮೂವರು ಉಳಿದಿದ್ದೇವೆ.

ರಾತ್ರಿ ಕನಸಿನಲ್ಲಿ ಸೀಲಾನನ್ನು ಹೊಡೆಯುತ್ತಿದ್ದೆ. ಹೊಡೆದಷ್ಟೂ ಅವನಿಗೆ ಹಲ್ಲು ಹುಟ್ಟುತ್ತಿದ್ದವು. ಎದ್ದು ನೀರು ಕುಡಿದು ಮಲಗಿದೆ. ಈಚೆಗೆ ಇಂಥ ಕನಸುಗಳು ಕಡಿಮೆ.

ಡಿಸೆಂಬರ್ ೧೦, ಮಂಗಳವಾರ

ಸಂಜೆ ಶೆಡ್ಡಿಗೆ ಒಬ್ಬ ನರ್ಸ್ ಬಂದಿದ್ದಳು. ಎಲ್ಪಿನಾ ವಂಡಿಕ್, ಕೊಲೋಬಾದ ಕಡೆಯವಳೇ. ಹಣೆಗೆ ಸಿಕ್ಕಿಸಿದ ನೂಲಿನ ಚೀಲ ಬೆನ್ನ ಮೇಲೆ, ಬಾಯಿ ತುಂಬ ಅಡಿಕೆ. ಅಲ್ಲಿ ಹೊಸ ಆರೋಗ್ಯ ಕೇಂದ್ರ ತೆರೆಯುತ್ತಾರಂತೆ. ಅದಕ್ಕೆ ಸ್ಪಂಜಿನ ಹಾಸಿಗೆಗಳು, ಒಂದು ರಾಶಿ. ಅವುಗಳ ಮೇಲೆ ರಾಣಿಯ ಹಾಗೆ ಕೂತು ಹಮಾಲರಿಗೆ ಬೈಯುತ್ತಿದ್ದಳು.

"ನೆಲದ ಮೇಲೆ ಎಳೀಬೇಡ್ರೋ! ನಿಮ್ಮವ್ವ ನಿನ್ನ ನೆಲದ ಮೇಲೆ ಹೆತ್ಲು, ಅದಕ್ಕೇ ನಿನ್ ತಲೆ ಚಪ್ಪಟೆ. ಇನ್ಮೇಲೆ ನಮ್ಮೂರಲ್ಲಿ ಯಾರೂ ನೆಲದ ಮೇಲೆ ಹೆರಲ್ಲ!"

ನನ್ನನ್ನು ನೋಡಿ, "ಅಣ್ಣ, ಹಲ್ಲು ಉದುರಿಸೋ ಒಬೆತ್ ಅಂದ್ರೆ ನೀನೇನಾ? ನಮ್ಮೂರಲ್ಲೂ ನಿನ್ ಹೆಸರಿದೆ. ಒಬೆತ್ ಬೈದು ಕಳಿಸಿದ ವಿಮಾನ ಬೀಳಲ್ಲ ಅಂತಾರೆ," ಅಂದಳು.

ನಾನು ನಕ್ಕು, ಈಗ ಅದೆಲ್ಲ ಬಿಟ್ಟಿದ್ದೇನೆ ಎಂದೆ.

ಬೆಳಗಿನ ಮೊದಲ ವಿಮಾನದ ಸರಕನ್ನು ನಾವು ಹಿಂದಿನ ಸಂಜೆಯೇ ತೂಗಿ, ಸೀಮೆಸುಣ್ಣದಲ್ಲಿ ಬರೆದು ಇಡುತ್ತೇವೆ. ಬೆಳಿಗ್ಗೆ ಬೆಟ್ಟದ ಕಣಿವೆಗೆ ಮೋಡ ಮುಚ್ಚುವ ಮೊದಲು ಹೊರಡಬೇಕು, ಆಗ ತೂಗಲು ಪುರಸೊತ್ತಿಲ್ಲ. ಹಾಸಿಗೆಗಳಿಗೆ ತೂಕವೇ ಇರಲಿಲ್ಲ, ಗಾಳಿ ತುಂಬಿದ ಹಾಗೆ. ಶೆಡ್ಡಿನೊಳಗೆ ಜಾಗವಿಲ್ಲವೆಂದು ಹೊರಗಿನ ಕಟ್ಟೆಯ ಮೇಲೆ ಪೇರಿಸಿದರು.

ಅತ್ತೆ ಶುಂಠಿ ಜೇನು ಮಾಡಿ ಕೊಟ್ಟಿದ್ದಾರೆ. ನಾಳೆ ಸಂದರ್ಶನದವರೆಗೆ ಗಂಟಲು ಎತ್ತಬಾರದಂತೆ.

ಡಿಸೆಂಬರ್ ೧೧, ಬುಧವಾರ

ಕ್ರಮವಾಗಿ ಬರೆಯುತ್ತೇನೆ.

ಬೆಳಿಗ್ಗೆ ಸಂದರ್ಶನಕ್ಕೆ ಹೊರಡುವ ಮುನ್ನ, ಕೊಲೋಬಾ ವಿಮಾನದ ತಪಾಸಣೆ ನನ್ನ ಪಾಳಿಯದಾದ್ದರಿಂದ, ಬಿಳಿ ಅಂಗಿ ತೊಟ್ಟೇ ಶೆಡ್ಡಿಗೆ ಹೋದೆ. ಇಂಜಿನ್, ಚಕ್ರ, ಬ್ರೇಕು ಎಲ್ಲ ಸರಿಯಾಗಿತ್ತು. ರಾತ್ರಿ ಮಳೆ ಹೊಯ್ದಿತ್ತು. ಹಾಸಿಗೆಗಳನ್ನು ಒಳಗೆ ತುಂಬಿ ಮುಗಿದಿತ್ತು. ಬಾಗಿಲಿನ ಸಂದಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಒಂದು ಹಾಸಿಗೆಯನ್ನು ಬೆರಳಿನಿಂದ ಒತ್ತಿದೆ. ಮೊಣಕೈವರೆಗೂ ನೀರು ಹರಿಯಿತು. ತೋಳು ಮಡಿಸಿದ್ದರಿಂದ ಅಂಗಿಗೆ ಏನೂ ಆಗಲಿಲ್ಲ.

ಸದರಿ ಹಾಸಿಗೆಗಳು ಒದ್ದೆಯಾಗಿರುವುದನ್ನು ದಾಯೆಂಗ್ ಸೀಲಾ ಅವರ ಗಮನಕ್ಕೆ ತಂದೆ.

"ನಿನ್ನೇನೇ ತೂಗಾಗಿದೆಯಲ್ಲ ಸಾರ್," ಅಂದರು. "ನೋಡಿ, ಸುಣ್ಣದಲ್ಲಿ ಬರೆದದ್ದು ಇಲ್ಲೇ ಇದೆ. ಮತ್ತೆ ಇಳಿಸಿ ತೂಗಿದ್ರೆ ಮೋಡ ಮುಚ್ಚುತ್ತೆ. ಆಮೇಲೆ ನಿಮ್ಮ ಮೇಲೆ ನಾನು ದೂರು ಕೊಡ್ಬೇಕಾಗುತ್ತೆ, ಇವತ್ತೇ ನಿಮ್ದು ಸಂದರ್ಶನ ಬೇರೆ."

ನಕ್ಕರು. ಅಂಗೈ ಒತ್ತಿಕೊಳ್ಳಬೇಕಾಗಲಿಲ್ಲ.

ಎಲ್ಪಿನಾ ಮುಂದಿನ ಸೀಟಿಗೆ ಹತ್ತುತ್ತ, "ಏನಣ್ಣ, ಪಾದ್ರಿ ಥರ ಬಿಳಿ ಅಂಗಿ? ಬೈದು ಕಳಿಸಲ್ವಾ ನಮ್ಮನ್ನ?" ಅಂದಳು. ಕೈ ಬೀಸಿದೆ. ಯೋಪಿ ಆಗಲೇ ಕಿವಿಗೆ ಹೆಡ್‌ಫೋನ್ ಏರಿಸುವುದರಲ್ಲಿದ್ದರು. ಎಂದಿನಂತೆ ಒಂದು ಕಿವಿ ತೆರೆದಿಟ್ಟು, ಕಿಟಕಿ ಸರಿಸಿ, ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದರು. ಆಮೇಲೆ ಕಿಟಕಿ ಹಾಕಿಕೊಂಡರು.

ಸಮಯಕ್ಕೆ ಸರಿಯಾಗಿ ಕಚೇರಿ ತಲುಪಿದೆ.

ಒಳಗೆ ಮೂವರಿದ್ದರು. ನಡುವೆ ಕನ್ನಡಕದ ಮೇಡಂ.

"ಒಬೆತ್ ರುಮರೋಪೆನ್. ನೀವು ಹೊಡೆದಾಡೋರು ಅಂತ ಕೇಳಿದೀವಿ."

"ಹೊಡೆದಾಡ್ತಿದ್ದೆ ಮೇಡಂ. ಈಗ ಇಲ್ಲ."

"ಒಂದು ವಿಮಾನಕ್ಕೆ ಭಾರ ಹೆಚ್ಚಾಗಿದೆ ಅಂತ ನಿಮಗೆ ಅನುಮಾನ. ಕಂಪನಿಯವರು ಸರಿಯಾಗಿದೆ ಅಂತಾರೆ. ಏನು ಮಾಡ್ತೀರಿ?"

ಶಾಂತವಾಗಿ ಸಂಬಂಧಪಟ್ಟವರ ಗಮನಕ್ಕೆ ತರುತ್ತೇನೆ, ದಾಖಲಿಸುತ್ತೇನೆ, ಸೂಕ್ತ ಕ್ರಮಕ್ಕಾಗಿ ಮೇಲಿನವರಿಗೆ ತಿಳಿಸುತ್ತೇನೆ ಎಂದೆ. ಒಮ್ಮೆಯೂ ತಡವರಿಸಲಿಲ್ಲ. ಪಕ್ಕದಲ್ಲಿದ್ದ ಹಿರಿಯರು ತಲೆದೂಗಿದರು. ಮೇಡಂ ಮಾತ್ರ ನನ್ನನ್ನೇ ಸ್ವಲ್ಪ ಹೊತ್ತು ನೋಡಿ, "ಅಷ್ಟರಲ್ಲಿ ವಿಮಾನ ಹೊರಟುಬಿಟ್ರೆ?" ಅಂದರು.

"ಅದನ್ನೂ ದಾಖಲಿಸ್ತೀನಿ ಮೇಡಂ."

ಹಿರಿಯರು ನಕ್ಕರು. ಮೇಡಂ ನಗಲಿಲ್ಲ, ಹಾಳೆಯ ಮೇಲೆ ಏನೋ ಬರೆದುಕೊಂಡರು.

ಹೊರಗೆ ನೆಲ್ಚಿ ನಿಂತಿದ್ದಳು. ನನ್ನನ್ನು ಕಂಡದ್ದೇ ಎರಡೂ ಕೈಯಲ್ಲಿ ನನ್ನ ಅಂಗಿ ಹಿಡಿದು ಜಗ್ಗಿದಳು. ಮೇಲಿನ ಗುಂಡಿ ಕಿತ್ತು ಬಂತು.

"ಕೊಲೋಬಾ ವಿಮಾನ ಬಿತ್ತು ಕಣೋ. ಬಿತ್ತು."

ಡಿಸೆಂಬರ್ ೧೩, ಶುಕ್ರವಾರ

ಕಣಿವೆಯ ಬಾಯಿಯಲ್ಲಿ ವಿಮಾನಕ್ಕೆ ಎತ್ತರ ಸಿಕ್ಕಿಲ್ಲ. ಹಿಂದಿರುಗಲು ತಿರುಗಿಸಿದಾಗ ಮರಗಳಿಗೆ ಹೊಡೆದಿದೆ. ಎಲ್ಪಿನಾ ಸತ್ತಿದ್ದಾಳೆ. ಹಿಂದೆ ಪೇರಿಸಿದ್ದ ಹಾಸಿಗೆಗಳೆಲ್ಲ ಒಟ್ಟಿಗೆ ಮುಂದೆ ಬಂದು ಅವಳನ್ನು ಎದುರಿನ ಫಲಕಕ್ಕೆ ಅಪ್ಪಳಿಸಿವೆ. ಯೋಪಿ ಬದುಕಿದ್ದಾರೆ. ಬಲಗಾಲು ಮೊಣಕಾಲಿನಿಂದ ಕೆಳಗೆ ಇಲ್ಲ. ಎಡಗಾಲನ್ನೂ ಬಹುಶಃ ತೆಗೆಯುತ್ತಾರೆ. ಹೆಲಿಕಾಪ್ಟರ್‌ನವರು ಹೇಳಿದರು, ಅವರನ್ನು ಹೊರಗೆಳೆಯಲು ಹಾಸಿಗೆಗಳನ್ನು ಎತ್ತಲಾಗದೆ ಕೊಡಲಿಯಿಂದ ಕಡಿಯಬೇಕಾಯಿತಂತೆ, ಪ್ರತಿ ಏಟಿಗೂ ನೀರು ಚಿಮ್ಮುತ್ತಿತ್ತಂತೆ.

ಇಂದು ಎಲ್ಪಿನಾಳ ಕಡೆಯವರು ಶೆಡ್ಡಿಗೆ ಬಂದರು. ಮುಖಕ್ಕೆ ಕೆಸರು ಬಳಿದುಕೊಂಡು, ಬಿಲ್ಲು, ಕೊಡಲಿ. ಅವಳ ತಾಯಿ ಮುಂದೆ. ಗಾಜು, ಬಾಗಿಲು, ತಕ್ಕಡಿ ಎಲ್ಲ ಪುಡಿಯಾಯಿತು. ತಕ್ಕಡಿಯನ್ನು ಆ ಮುದುಕಿಯೇ ಕಲ್ಲೆತ್ತಿ ಹಾಕಿ ಹಾಕಿ ಜಜ್ಜಿದಳು. ದಾಯೆಂಗ್ ಸೀಲಾ ಅವರು ಡ್ರಮ್ಮುಗಳ ಹಿಂದೆ ಅಡಗಿದ್ದರು. ಕೂದಲು ಹಿಡಿದು ಎಳೆದು ತಂದರು. ಕೊಡಲಿಯ ಹಿಡಿಯಿಂದ ಹೊಡೆದರು. ಚಿನ್ನದ ಹಲ್ಲು ನನ್ನ ಬೂಟಿನ ಹತ್ತಿರ ಬಂದು ಬಿತ್ತು. ಪೊಲೀಸರು ಬರುವಷ್ಟರಲ್ಲಿ ಅವರ ಒಂದು ಕಣ್ಣು ಹೋಗಿತ್ತು.

ನನ್ನನ್ನು ಯಾರೂ ಮುಟ್ಟಲಿಲ್ಲ. "ಇವನು ಒಬೆತ್, ಇವನು ನಮ್ಮವರಿಗಾಗಿ ಹೊಡೆದಾಡಿದೋನು," ಎಂದು ಯಾರೋ ಅಂದರು. ಮುದುಕಿ ಬಂದು ನನ್ನ ಎದೆಗೆ ತಲೆ ಇಟ್ಟು ಗೋಳಾಡಿದಳು. ಅವಳ ಮುಖದ ಕೆಸರು ಅಂಗಿಗೆ ಹತ್ತಿತು.

ಬಹಳ ದುಃಖವಾಗಿದೆ. ಇದನ್ನು ಬರೆಯುವಾಗ ಅಕ್ಷರಗಳು ದುಂಡಗೆ ಬರುತ್ತಿವೆ.

ಡಿಸೆಂಬರ್ ೧೭, ಮಂಗಳವಾರ

ವಿಚಾರಣೆಯವರು ಕರೆದಿದ್ದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹಾಸಿಗೆಗಳು ಒದ್ದೆಯಾಗಿದ್ದವು, ಅದನ್ನು ಹೊಣೆಗಾರರ ಗಮನಕ್ಕೆ ತಂದೆ. ಇಡೀ ಶೆಡ್ಡಿನಲ್ಲಿ ಗಮನಕ್ಕೆ ತಂದವನು ನಾನೊಬ್ಬನೇ ಅಂತೆ. ಹೊರಡುವಾಗ ಅವರಲ್ಲೊಬ್ಬರು ಕೈ ಕುಲುಕಿ, "ನಿಮ್ಮಂಥೋರು ಇಲಾಖೆಗೆ ಬೇಕು," ಅಂದರು.

ಡಿಸೆಂಬರ್ ೨೧, ಶನಿವಾರ

ಆಸ್ಪತ್ರೆಗೆ ಹೋಗಿದ್ದೆ. ಯೋಪಿಯವರಿಗೆ ಎಡಗಾಲೂ ಇಲ್ಲ. ಹೊದಿಕೆ ಅರ್ಧದಿಂದ ಕೆಳಗೆ ಚಪ್ಪಟೆಯಾಗಿದೆ. ಬಾಳೆಹಣ್ಣು ಒಯ್ದಿದ್ದೆ. ಪಕ್ಕದ ಮೇಜಿನ ಮೇಲೆ ಇಟ್ಟೆ.

ಅವರು ಚಾವಣಿ ನೋಡುತ್ತಲೇ ಕೇಳಿದರು.

"ಆವತ್ತು ಶೆಡ್ಡಲ್ಲಿ ಇದ್ದೆಯಂತೆ?"

"ಇದ್ದೆ ಕ್ಯಾಪ್ಟನ್."

"ನೋಡಿದೆಯಂತೆ?"

"ನೋಡಿದೆ. ಗಮನಕ್ಕೆ ತಂದೆ."

"ಯಾರ ಗಮನಕ್ಕೆ?"

"ದಾಯೆಂಗ್ ಸೀಲಾ ಅವರ..."

"ನಾನು ಕಾಯ್ತಾ ಇದ್ದೆ ಕಣೋ," ಅಂದರು. "ಬಾಲ ಭಾರ ಅನ್ನಿಸ್ತು. ಕಿಟಕಿ ತೆಗೆದು ಕಾದೆ. ಒಬೆತ್ ಇದಾನೆ, ಏನಾದ್ರೂ ಇದ್ರೆ ಅವನಪ್ಪನ್ನ ಅಜ್ಜನ್ನ ಎಬ್ಬಿಸ್ತಾನೆ ಅಂತ. ಏನೂ ಕೇಳಿಸ್ಲಿಲ್ಲ. ಆ ಹುಡುಗೀಗೆ ಹೇಳ್ದೆ, ಒಬೆತ್ ಸುಮ್ನಿದಾನೆ, ಎಲ್ಲ ಸರಿ ಇದೆ, ಬೆಲ್ಟ್ ಹಾಕ್ಕೋ ಅಂತ."

ನಿಯಮದ ಪ್ರಕಾರ ಭಾರದ ಕೊನೆಯ ಹೊಣೆ ಪೈಲಟ್‌ನದೇ. ಅದನ್ನು ಹೇಳಲು ಇದು ಸಮಯವಲ್ಲವೆಂದು ಸುಮ್ಮನಿದ್ದೆ.

"ಬೈಯೋ," ಅಂದರು. "ಈಗಲಾದ್ರೂ ಬೈಯೋ. ನನ್ನನ್ನೇ ಬೈಯೋ."

"ಕ್ಯಾಪ್ಟನ್, ನೀವು ವಿಶ್ರಾಂತಿ ತಗೊಳ್ಳಿ."

ನೀರಿನ ಸ್ಟೀಲ್ ಜಗ್ಗನ್ನು ಎತ್ತಿ ನನ್ನ ಮುಖಕ್ಕೆ ಬೀಸಿ ಎಸೆದರು. ಹುಬ್ಬಿನ ಮೇಲೆ ಬಿತ್ತು. ಚರ್ಮ ಸೀಳಿ ಕಣ್ಣಿಗೆಲ್ಲ ರಕ್ತ ಇಳಿಯಿತು. ಅವರು ಮಂಚದಿಂದ ಉರುಳಿ ಬಿದ್ದು, ಇಲ್ಲದ ಕಾಲುಗಳ ಮೇಲೆ ಎದ್ದು ನಿಲ್ಲಲು ನೋಡಿದರು. ಕಟ್ಟು ಬಿಚ್ಚಿ ನೆಲವೆಲ್ಲ ಕೆಂಪಾಯಿತು. ಅವರ ಹೆಂಡತಿ ಚೀರಿದರು. ನರ್ಸುಗಳು ಬಂದು ಹಿಡಿದರು. ನಾನು ಜಗ್ಗನ್ನು ಎತ್ತಿ ಮೇಜಿನ ಮೇಲೆ ಇಟ್ಟು, ಕರವಸ್ತ್ರದಿಂದ ಮುಖ ಒರೆಸಿಕೊಂಡು ಬಂದೆ.

ಹುಬ್ಬಿಗೆ ಹೊಲಿಗೆ ಬಿದ್ದಿದೆ. ದೂರು ಕೊಡುವಂಥದ್ದೇನೂ ಅಲ್ಲ.

ಜನವರಿ ೬, ಸೋಮವಾರ

ಫಲಿತಾಂಶ ಬಂತು. ಪಟ್ಟಿಯಲ್ಲಿ ಮೊದಲ ಹೆಸರು ನನ್ನದೇ.

ಅತ್ತೆ ಹಂದಿ ಕಡಿಸಿದರು. ಬಂಧುಬಳಗವೆಲ್ಲ ಬಂದಿತ್ತು. ಸಾಗು ಗಂಜಿ, ಸುಟ್ಟ ಮೀನು, ಬಿಸಿ ಕಲ್ಲಿನ ಮೇಲೆ ಬೇಯಿಸಿದ ಗೆಣಸು. ಊಟಕ್ಕೆ ಮೊದಲು ಅತ್ತೆ ಒಂದು ಪೆಟ್ಟಿಗೆ ತೆರೆದರು. ನೀಲಿ ಹೂವಿನ ಪಿಂಗಾಣಿ ತಟ್ಟೆಗಳು.

"ಅಧಿಕಾರಿ ಮನೇಲಿ ತಗಡಿನ ತಟ್ಟೆ ಇರ್ಬಾರ್ದು," ಅಂದರು. "ಈಗೇನು ಹೆದ್ರಿಕೆ, ಒಡೆಯೋರು ಯಾರಿದಾರೆ ಈ ಮನೇಲಿ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ನೆಲ್ಚಿ ನಗಲಿಲ್ಲ. ಅವಳು ಬೆಳಿಗ್ಗೆ ಯೋಪಿಯವರ ಹೆಂಡತಿಯನ್ನು ನೋಡಲು ಹೋಗಿದ್ದಳು. ಬಂದ ಮೇಲೆ ನನ್ನೊಂದಿಗೆ ಮಾತಾಡಿರಲಿಲ್ಲ.

ನೆಂಟರೆಲ್ಲ ಹೋದ ಮೇಲೆ ಪಾತ್ರೆ ತೊಳೆಯುವ ಕಡೆ ಬಂದಳು. ಒಂದು ತಟ್ಟೆ ಎತ್ತಿ ನನ್ನ ಕೈಗೆ ಕೊಟ್ಟಳು.

"ಒಡಿ."

"ಯಾಕೆ?"

"ಒಡಿ ಅಂದೆ. ಗೋಡೆಗೆ ಎಸಿ. ನಾನು ಗುಡಿಸ್ತೀನಿ."

"ಹೊಸದು ಕಣೆ. ಅಮ್ಮ ಪ್ರೀತಿಯಿಂದ ತಂದಿದಾರೆ."

"ನನ್ ತಲೆಗಾದ್ರೂ ಎಸಿಯೋ!" ಅಂತ ಕಿರುಚಿದಳು. ಎದೆಗೆ, ಮುಖಕ್ಕೆ ಗುದ್ದಿದಳು, ಮತ್ತೆ ಮತ್ತೆ. ಹುಬ್ಬಿನ ಗಾಯ ಮತ್ತೆ ಒಡೆಯಿತು. "ಆ ಹುಡುಗಿ ಕೇಳಿದ್ಲಂತಲ್ಲೋ, ಬೈದು ಕಳಿಸಲ್ವಾ ಅಂತ. ನಾನೇ, ನಾನೇ ನಿಂಗೆ ಕಲಿಸಿದ್ದು, ಅಮ್ಮ ಕೋಲು ಹಿಡ್ಕೊಂಡು ಕೂತಿದ್ರು..."

ಅಲ್ಲೇ ನೆಲದ ಮೇಲೆ ಕುಸಿದು ಅತ್ತಳು. ಅಂಥ ಅಳುವನ್ನು ಅವಳಿಂದ ನಾನು ಕೇಳಿರಲಿಲ್ಲ. ಸಮಾಧಾನ ಮಾಡಿದೆ. ತಪ್ಪು ಯಾರದೆಂದು ವಿಚಾರಣೆಯಲ್ಲಿ ತೀರ್ಮಾನವಾಗುತ್ತದೆ ಎಂದು ತಿಳಿಸಿ ಹೇಳಿದೆ.

ತಟ್ಟೆಯ ಅಂಚಿಗೆ ಮೀನಿನ ಮುಳ್ಳು ಅಂಟಿತ್ತು. ಉಗುರಿನಿಂದ ತೆಗೆದು ತೊಳೆದೆ. ಒರೆಸಿದೆ. ಉಳಿದವುಗಳ ಜೊತೆ ಬೋರಲು ಹಾಕಿದೆ. ಒಳ್ಳೆಯ ತಟ್ಟೆಗಳು, ಜೋಪಾನ ಮಾಡಿದರೆ ಬಹಳ ವರ್ಷ ಬರುತ್ತವೆ.